ಬೆರಳು ಕಲಿಸುವ ಅಕ್ಷರ

ನಾಲ್ಕು ವರ್ಷದ ಮಗುವಿನ ಕೈಗೆ ಬಳಪವನ್ನಿತ್ತು 'ಅ' ಬರೆಯೆಂದರೆ ಅದರ ಪಾಡು ನೋಡತಕ್ಕದ್ದು. ಬೆರಳುಗಳು ಬಳಪವನ್ನು ಹಿಸುಕುತ್ತವೆ, ನಾಲಗೆ ತುಟಿಯ ಅಂಚಿಗೆ ಬರುತ್ತದೆ. ಅಕ್ಷರ ಮಾತ್ರ ಮೂಡದು. ತಾಯಿ ಗದರುತ್ತಾಳೆ, ಮಗು ಅಳುತ್ತದೆ. ಅಷ್ಟಕ್ಕೇ 'ದಡ್ಡ' ಎಂಬ ಬಿರುದು ಅಂಟಿಕೊಳ್ಳುವುದೂ ಉಂಟು. ಆದರೆ ಆ ಎಳೆಯ ಜೀವದ ಮೇಲೆ ಬಿದ್ದಿರುವ ಹೊರೆ ಒಂದಲ್ಲ, ಮೂರು: ಅಕ್ಷರದ ಆಕಾರವನ್ನು ನೆನಪಿನಲ್ಲಿಡಬೇಕು, ಅದರ ಧ್ವನಿಯನ್ನು ಅರಿಯಬೇಕು, ಬಳಪವನ್ನೂ ಹಿಡಿತದಲ್ಲಿಡಬೇಕು.

ಈ ಮೂರನ್ನೂ ಬಿಡಿಸಿ ಒಂದೊಂದಾಗಿ ಕಲಿಸಬಹುದೆಂದು ತೋರಿಸಿಕೊಟ್ಟವರಲ್ಲಿ ಇಟಲಿಯ ವೈದ್ಯೆ ಮಾರಿಯಾ ಮಾಂಟೆಸ್ಸರಿ ಪ್ರಮುಖರು. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅವರ ಮಕ್ಕಳ ಮನೆ ತೆರೆಯಿತು. ಅಲ್ಲಿನ ಪುಟ್ಟ ಮಕ್ಕಳಿಗೆ ಓದುಬರಹ ಕಲಿಸುವ ಉದ್ದೇಶ ಮೊದಲಿಗೆ ಅವರಿಗೆ ಇರಲಿಲ್ಲ. ತಾಯಂದಿರೇ ಬಂದು ಬೇಡಿಕೊಂಡರು. ಮರದ ಅಕ್ಷರಗಳನ್ನು ಮಾಡಿಸಲು ಅನುಕೂಲವಾಗದೆ, ಬಡಗಿಗಳು ಮರವನ್ನುಜ್ಜಲು ಬಳಸುವ ಉಪ್ಪುಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ ನುಣುಪಾದ ರಟ್ಟಿಗೆ ಅಂಟಿಸಿದರು. ಮಗು ಬರೆಯುವ ದಿಕ್ಕಿನಲ್ಲಿಯೇ ಬೆರಳಾಡಿಸಬೇಕು, ಜೊತೆಯಲ್ಲಿ ಆ ಅಕ್ಷರದ ಧ್ವನಿಯನ್ನು ನುಡಿಯಬೇಕು. ಬೆರಳು ದಾರಿ ತಪ್ಪಿದರೆ ಒರಟು ಹೋಗಿ ನುಣುಪು ಸಿಗುವುದು. ತಪ್ಪನ್ನು ತೋರಿಸಲು ಬೆತ್ತ ಬೇಕಿಲ್ಲ. ಪೆನ್ಸಿಲ್ಲಿನ ಹಿಡಿತಕ್ಕೆ ಬೇರೆಯೇ ಅಭ್ಯಾಸ: ಆಕೃತಿಗಳ ಅಂಚಿನ ಸುತ್ತ ಗೆರೆಯೆಳೆದು ಒಳಗೆ ಬಣ್ಣ ತುಂಬುವುದು.

ಅದೇ ವರ್ಷದ ಡಿಸೆಂಬರಿನ ಒಂದು ಬಿಸಿಲಿನ ದಿನ, ಮಾಳಿಗೆಯ ಮೇಲೆ ಐದು ವರ್ಷದ ಹುಡುಗನೊಬ್ಬನಿಗೆ ಮಾಂಟೆಸ್ಸರಿ ಸೀಮೆಸುಣ್ಣ ಕೊಟ್ಟು ಹೊಗೆಗೂಡಿನ ಚಿತ್ರ ಬರೆಯಲು ಹೇಳಿದರು. ಚಿತ್ರ ಮುಗಿಸಿದ ಹುಡುಗ, ಯಾರೂ ಹೇಳದೆಯೇ ನೆಲದ ಮೇಲೆ ಒಂದು ಪದವನ್ನು ಬರೆದ. ತನಗೆ ಬರೆಯಲು ಬಂತೆಂದು ಕೂಗಿ ಕುಣಿದ. ಉಳಿದ ಮಕ್ಕಳೂ ಸೀಮೆಸುಣ್ಣಕ್ಕೆ ಕೈಚಾಚಿದರು. ಕೈ ಮೊದಲೇ ಸಿದ್ಧವಾಗಿತ್ತು. ಬರಹ ತಾನಾಗಿ ಹೊರಹೊಮ್ಮಿತು.

ಸ್ಪರ್ಶದಿಂದ ಕಲಿಯುವ ಈ ಮಾರ್ಗ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ತಿದ್ದಿಸುವ ಅಕ್ಷರಾಭ್ಯಾಸ ಇಂದಿಗೂ ಮನೆಮನೆಯಲ್ಲುಂಟು. ಹಳೆಯ ಐಗಳ ಮಠಗಳಲ್ಲಿ ಮಕ್ಕಳು ಮರಳಿನ ಮೇಲೆಯೇ ತಿದ್ದುತ್ತಿದ್ದರು. 1789ರಲ್ಲಿ ಮದ್ರಾಸಿನ ಅನಾಥ ಬಾಲಕರ ಶಾಲೆಯ ಹೊಣೆ ಹೊತ್ತ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ದೇಶೀಯ ಮಕ್ಕಳು ಹೀಗೆ ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲೂ ಜಾರಿಗೆ ತಂದನು. ಅವನ ಮೂಲಕ ಆ ಪದ್ಧತಿ ಇಂಗ್ಲೆಂಡನ್ನೂ ಮುಟ್ಟಿತು. ಮುಂದೆ 1939ರಲ್ಲಿ ಮಾಂಟೆಸ್ಸರಿಯವರೇ ಅದೇ ಮದ್ರಾಸಿನ ಅಡಯಾರಿಗೆ ಬಂದು, ಯುದ್ಧಕಾಲವನ್ನೆಲ್ಲ ಭಾರತದಲ್ಲಿ ಕಳೆದು, ಇಲ್ಲಿನ ಉಪಾಧ್ಯಾಯರಿಗೆ ತರಬೇತಿಯಿತ್ತರು.

ಕನ್ನಡದ ಮಗುವಿಗೆ ಒಂದು ಸೌಕರ್ಯ, ಒಂದು ತೊಡಕು. ಬರೆದಂತೆ ಓದುವುದು ಸೌಕರ್ಯ. 49 ವರ್ಣಗಳ ಜೊತೆಗೆ ಕಾಗುಣಿತ, ಒತ್ತಕ್ಷರಗಳ ದಂಡು ಬೆನ್ನಟ್ಟುವುದು ತೊಡಕು. ಇದನ್ನರಿತು, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಆರಂಭವಾದ 'ನಲಿ-ಕಲಿ' ಪದ್ಧತಿ ವರ್ಣಮಾಲೆಯ ಸಾಲನ್ನು ಬದಿಗಿಟ್ಟು ರ, ಗ, ಸ, ದ, ಅ ಎಂಬ ಐದರಿಂದ ತೊಡಗಿತು. ಐದು ಅಕ್ಷರ ಕೈಗೆ ಬಂದೊಡನೆ 'ಸರ', 'ಅರಸ', 'ಅಗಸ' ಎಂಬ ಪದಗಳು ಮಗುವಿನ ಸ್ವಂತ ಆಸ್ತಿ. ಮಿಂಚುಪಟ್ಟಿ ಜೋಡಿಸುತ್ತ, ಆಡುತ್ತ, ಹಾಡುತ್ತ ತನ್ನ ವೇಗದಲ್ಲಿಯೇ ಮುನ್ನಡೆಯುವ ಸ್ವಾತಂತ್ರ್ಯ ಅದಕ್ಕುಂಟು.

ಒಂದು ಎಚ್ಚರಿಕೆಯೂ ಸಲ್ಲುತ್ತದೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದ ಕರಿನ್ ಜೇಮ್ಸ್ 2012ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳು ಅಕ್ಷರಗಳನ್ನು ಮೂರು ರೀತಿ ಅಭ್ಯಾಸ ಮಾಡಿದರು: ಸ್ವತಃ ಬರೆದು, ಚುಕ್ಕೆಗೆರೆಯ ಮೇಲೆ ತಿದ್ದಿ, ಕೀಲಿಮಣೆಯ ಗುಂಡಿಯೊತ್ತಿ. ಓದಿಗೆ ಸಂಬಂಧಿಸಿದ ಮಿದುಳಿನ ಭಾಗಗಳು ಎಚ್ಚೆತ್ತದ್ದು ಸ್ವತಃ ಬರೆದ ಅಕ್ಷರಗಳನ್ನು ಮತ್ತೆ ಕಂಡಾಗ. ತಿದ್ದುವುದು ಮೆಟ್ಟಿಲು ಮಾತ್ರ. ಸೊಟ್ಟಗಾದರೂ ಸರಿ, ತನ್ನದೇ ಅಕ್ಷರವನ್ನು ಮಗು ಬರೆಯಬೇಕು.

ಇದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಅಗಲವಾದ ತಟ್ಟೆಯಲ್ಲಿ ಹರವಿದ ಒಂದು ಹಿಡಿ ರವೆ, ರಟ್ಟಿಗೆ ಅಂಟಿಸಿದ ಉಪ್ಪುಕಾಗದ, ಒಂದು ಸೀಮೆಸುಣ್ಣ ಸಾಕು. ಬೇಕಾದ ಇನ್ನೊಂದು ವಸ್ತು ಯಾವ ಅಂಗಡಿಯಲ್ಲಿಯೂ ದೊರೆಯದು. ಅದು ಹಿರಿಯರ ತಾಳ್ಮೆ.