ಬಾಟ್ಲಿ ಹಚ್ಚಿದರೆ ಬಲ ಬರುತ್ತದೆಯೇ?

‘ಭಾಳ ಸುಸ್ತಾಗೇತ್ರಿ ಡಾಕ್ಟ್ರ, ಒಂದು ಬಾಟ್ಲಿ ಹಚ್ಚಿಬಿಡ್ರಿ.’ ಬನಶಂಕರಿ ಗುಡಿಯ ಮಗ್ಗುಲಿನ ಚೊಳಚಗುಡ್ಡದಿಂದ ಇಳಕಲ್ಲಿನವರೆಗೆ ದವಾಖಾನೆಗಳಲ್ಲಿ ಕಿವಿಗೆ ಬೀಳುವ ಬೇಡಿಕೆಯಿದು. ಸಲೈನ್ ಏರಿಸಿಕೊಂಡರೆ ಶಕ್ತಿ ಬರುತ್ತದೆಂಬ ನಂಬಿಕೆ ಅಷ್ಟು ಗಟ್ಟಿ.

ಲೆಕ್ಕ ಬೇರೆಯೇ ಹೇಳುತ್ತದೆ. ಶೇ 5ರ ಗ್ಲುಕೋಸ್‌ನ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಗ್ಲುಕೋಸ್, ಹೆಚ್ಚೆಂದರೆ 100 ಕ್ಯಾಲೊರಿ. ಒಂದು ಜೋಳದ ರೊಟ್ಟಿಯಲ್ಲಿ ಅದಕ್ಕಿಂತ ಹೆಚ್ಚಿದೆ. ನಾರ್ಮಲ್ ಸಲೈನ್ ಎಂದರೆ ಲೀಟರ್ ನೀರಿಗೆ 9 ಗ್ರಾಂ ಉಪ್ಪು. ಅದರಲ್ಲಿ ಕ್ಯಾಲೊರಿಯೇ ಇಲ್ಲ. ವಾಂತಿಭೇದಿಯಿಂದ ಮೈಯ ನೀರೆಲ್ಲ ಬತ್ತಿದವರಿಗೆ, ಬಾಯಿಂದ ಏನೂ ಇಳಿಯದವರಿಗೆ ಅದು ಜೀವ ಉಳಿಸುತ್ತದೆ. ಉಳಿದ ವಾಂತಿಭೇದಿ ರೋಗಿಗಳಿಗೆ ಬಾಯಿಂದ ಕುಡಿಯುವ ಓಆರ್‌ಎಸ್ ಸಾಕು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ದಾಸ್ತಾನು ಸಾಲದೆ ಹೋದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಗ್ಲುಕೋಸ್ ನೀರನ್ನೇ ಕುಡಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು.

ವೈದ್ಯಕೀಯ ವಿದ್ಯಾರ್ಥಿಗೆ ಈ ಲೆಕ್ಕ ಬಾಯಿಪಾಠವೇ ಇರುತ್ತದೆ. ಆದರೂ ಆತ ಬಾಟ್ಲಿ ಹಚ್ಚಲು ಕಲಿಯುತ್ತಾನೆ, ಏಕೆಂದರೆ ಹಚ್ಚಲು ಎರಡು ನಿಮಿಷ ಸಾಕು, ‘ಬ್ಯಾಡ ಯಮ್ಮಾ’ ಎಂದು ಒಪ್ಪಿಸಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷದ ಮಾತನ್ನೇ ಕಲಿಸಬೇಕಾಗಿದೆ.

ಖರ್ಚುವೆಚ್ಚ ನೋಡುವುದು ಆಸ್ಪತ್ರೆಯ ಆಡಳಿತದ ಕೆಲಸ, ವೈದ್ಯರದಲ್ಲ ಎಂಬ ಇನ್ನೊಂದು ನಂಬಿಕೆ ವೈದ್ಯಕೀಯ ಕಾಲೇಜುಗಳ ಒಳಗೇ ಇದೆ. ಆದರೆ ಮಾತ್ರೆ, ಸ್ಕ್ಯಾನ್, ದಾಖಲಾತಿ ಎಲ್ಲವೂ ಹೊರಡುವುದು ವೈದ್ಯರ ಪೆನ್ನಿನಿಂದ. ದೇಶದ 2021-22ರ ಲೆಕ್ಕದಂತೆ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39.4 ಜನರ ಕಿಸೆಯಿಂದಲೇ ಹೋಗಿದೆ. ಚೊಳಚಗುಡ್ಡದಿಂದ ಬಾಗಲಕೋಟೆಗೆ ಹೋಗಿಬರುವ ಬಸ್ ಚಾರ್ಜು, ತಪ್ಪಿದ ದಿನಗೂಲಿ ಬಿಲ್ಲಿನಲ್ಲಿ ಕಾಣುವುದೂ ಇಲ್ಲ. 2019ರಲ್ಲಿ ಬಂದ ಎಂಬಿಬಿಎಸ್ ಪಠ್ಯಕ್ರಮ, ಔಷಧದ ಖರ್ಚಿಗೂ ರೋಗಿ ಅದನ್ನು ತಪ್ಪದೆ ತೆಗೆದುಕೊಳ್ಳುವುದಕ್ಕೂ ಇರುವ ನಂಟನ್ನು ವಿವರಿಸಲು ವಿದ್ಯಾರ್ಥಿಗೆ ಬರಬೇಕು ಎನ್ನುತ್ತದೆ. ಕಾಗದದ ಮೇಲಂತೂ ಇದೆ.

ಹೆಚ್ಚು ಪರೀಕ್ಷೆ ಮಾಡಿಸಿದಷ್ಟೂ ಕ್ಷೇಮ ಎಂಬ ನಂಬಿಕೆ ಓದಿದವರಲ್ಲೂ ಇದೆ. ಅಮೆರಿಕ, ಕೆನಡಾಗಳಲ್ಲಿ ಸುಮಾರು 19,000 ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಗಳನ್ನು ಗಮನಿಸಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಮುಂಚೆಯೇ ಇಸಿಜಿ, ರಕ್ತಪರೀಕ್ಷೆಗಳನ್ನು ವಾಡಿಕೆಯಂತೆ ಮಾಡಿಸಿದವರಲ್ಲೂ ಮಾಡಿಸದವರಲ್ಲೂ ತೊಂದರೆಗಳ ಪ್ರಮಾಣ ಒಂದೇ: ಸಾವಿರಕ್ಕೆ ಸುಮಾರು 31. ಸೊಂಟನೋವಿನದೂ ಇದೇ ಕಥೆ. ಮಗ್ಗದ ಕುಣಿಯಲ್ಲಿ ಕೂತು ಸೊಂಟ ಹಿಡಿದ ನೇಕಾರರಿಗೆ ಕಾಲಿನ ಬಲ ಕುಂದುವುದು, ಮೂತ್ರ ಕಟ್ಟುವುದು, ಜ್ವರ, ತೂಕ ಇಳಿಯುವುದು ಇಂಥ ಲಕ್ಷಣಗಳಿಲ್ಲದಿದ್ದರೆ ಮೊದಲ ಆರು ವಾರ ಎಂಆರ್‌ಐ ಬೇಕಿಲ್ಲ. ಅವಸರದಿಂದ ಮಾಡಿಸಿದರೆ ‘ಡಿಸ್ಕ್ ಸವೆದಿದೆ’ ಎಂದು ಬರುವ ಸಂಭವವೇ ಹೆಚ್ಚು. ಯಾವ ನೋವೂ ಇಲ್ಲದ ಇಪ್ಪತ್ತರ ಹರೆಯದವರಲ್ಲೂ ಮೂವರಲ್ಲೊಬ್ಬರಿಗೆ ಅದು ಕಾಣುತ್ತದೆ. ಆಮೇಲೆ ಹೆದರಿಕೆ, ಹೆದರಿಕೆಗೊಂದು ಚಿಕಿತ್ಸೆ.

ಹಾಗಾದರೆ ಇದೆಲ್ಲ ಬಡವರ ಚಿಕಿತ್ಸೆಗೆ ಕತ್ತರಿ ಹಾಕುವ ಹೂಟವೇ? ಈ ಸಂಶಯವನ್ನು ನಾನು ತಳ್ಳಿಹಾಕಲಾರೆ. ‘ಮಿತವ್ಯಯ’ದ ಹೆಸರಿನಲ್ಲಿ ಬೇಕಾದದ್ದನ್ನೂ ಕತ್ತರಿಸಬಹುದು. ಆದರೆ ಚಿಕಿತ್ಸೆಯ ಮೌಲ್ಯವನ್ನು ಅಳೆಯುವುದು ರೋಗಿಗೆ ಸಿಕ್ಕ ಗುಣವನ್ನೂ ತಗುಲಿದ ಖರ್ಚನ್ನೂ ಒಟ್ಟಿಗೆ ಇಟ್ಟು. ಬಿ.ಪಿ. ಮಾತ್ರೆ ಸಿಗದೆ ಲಕ್ವ ಹೊಡೆದರೆ ಅದೂ ಪೋಲೇ, ಬಾಟ್ಲಿಗಿಂತ ದೊಡ್ಡ ಪೋಲು.

ಪರೀಕ್ಷೆಯ ಹಾಲ್‌ನಲ್ಲಿ ಮಾತ್ರ ಹಳೆಯ ಪ್ರಶ್ನೆಯೇ: ಈ ರೋಗಿಗೆ ಯಾವ ಯಾವ ತಪಾಸಣೆ ಮಾಡಿಸುತ್ತೀರಿ? ಯಾವುದನ್ನು ಬಿಡುತ್ತೀರಿ, ಯಾಕೆ ಎಂದು ಕೇಳಿ ಅಂಕ ಕೊಡುವ ಪರೀಕ್ಷಕರು ಅಪರೂಪ.