ನಿಮಗಿದು ಗೊತ್ತೇ? ಮದುವೆ ಉಡುಪಿಯಲ್ಲಿ, ಸಂಸಾರ ಡೊಂಬಿವಲಿಯಲ್ಲಿ, ಕೋರ್ಟು ಎಲ್ಲಿ?

ಥಾಣೆ, ಕಲ್ಯಾಣ್, ಡೊಂಬಿವಲಿ, ನವಿ ಮುಂಬಯಿಯ ನಮ್ಮವರ ಮನೆಗಳಲ್ಲಿ ಸಂಸಾರ ಬಿಗಡಾಯಿಸಿದರೆ ಮೊದಲು ಸಲಹೆ ಕೊಡುವವರು ನೆಂಟರು, ಆಮೇಲೆ ಸಂಘದ ಹಿರಿಯರು, ಕೊನೆಗೆ ವಕೀಲರು. ಅಷ್ಟರಲ್ಲಿ ತಲೆ ತುಂಬ ಅರೆಬರೆ ಮಾಹಿತಿ. ಕಾನೂನು ಹೇಳುವುದು ಇಷ್ಟು:

● ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಮದುವೆ ನಡೆದ ಊರು, ದಂಪತಿ ಕೊನೆಯದಾಗಿ ಒಟ್ಟಿಗಿದ್ದ ಊರು, ಎದುರುದಾರರು ವಾಸಿಸುವ ಊರು, ಈ ಮೂರರಲ್ಲಿ ಎಲ್ಲಿ ಬೇಕಾದರೂ ವಿಚ್ಛೇದನದ ಅರ್ಜಿ ಹಾಕಬಹುದು. ಅರ್ಜಿ ಹೆಂಡತಿಯದಾದರೆ ಆಕೆ ಈಗ ಇರುವ ಊರೂ ನಡೆಯುತ್ತದೆ. ಇದು 2003ರ ತಿದ್ದುಪಡಿ. ಡೊಂಬಿವಲಿ ಬಿಟ್ಟು ಕುಂದಾಪುರದ ತವರಿಗೆ ಬಂದವಳು ಅಲ್ಲಿಂದಲೇ ದಾವೆ ಹೂಡಬಹುದು.

● ಥಾಣೆಯಲ್ಲಿರುವ ಕೇಸನ್ನು ಉಡುಪಿಗೆ ವರ್ಗಾಯಿಸುವ ಅಧಿಕಾರ ಬಾಂಬೆ ಹೈಕೋರ್ಟಿಗೂ ಇಲ್ಲ, ಕರ್ನಾಟಕ ಹೈಕೋರ್ಟಿಗೂ ಇಲ್ಲ. ರಾಜ್ಯದ ಗಡಿ ದಾಟಿಸಲು ಸುಪ್ರೀಂ ಕೋರ್ಟಿಗೇ ಹೋಗಬೇಕು.

● ನವಿ ಮುಂಬಯಿ ಎಂದು ನಾವು ಕರೆಯುವುದು ಎರಡು ಜಿಲ್ಲೆಗಳಲ್ಲಿ ಹಂಚಿಹೋಗಿದೆ. ವಾಶಿ, ನೆರುಲ್, ಬೇಲಾಪುರ ಥಾಣೆ ಜಿಲ್ಲೆಗೆ ಸೇರಿದರೆ ಖಾರ್ಘರ್, ಕಾಮೋಠೆ, ಪನ್ವೇಲ್ ರಾಯಗಡ ಜಿಲ್ಲೆಗೆ. ಜಿಲ್ಲೆ ತಪ್ಪಿದರೆ ಅರ್ಜಿ ವಾಪಸ್!

● ವಿಚ್ಛೇದನ, ಜೀವನಾಂಶ, ದೌರ್ಜನ್ಯದ ಪ್ರಕರಣಗಳಲ್ಲಿ ಮಹಿಳೆಯರಿಗೆ ಮಹಾರಾಷ್ಟ್ರ ಸರ್ಕಾರ 1994ರಲ್ಲೇ ಕೋರ್ಟ್ ಫೀ ಮಾಫಿ ಮಾಡಿದೆ.

● ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ಸಾಕು. ಸಹಾಯವಾಣಿ 15100.

● ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ನ್ಯಾಯಾಧೀಶರ ಅನುಮತಿ ಬೇಕು. ಗಂಡ ಹೆಂಡತಿಯಲ್ಲಿ ಒಬ್ಬರು ಕೇಳಿದರೂ ವಿಚಾರಣೆಯನ್ನು ಮುಚ್ಚಿದ ಬಾಗಿಲ ಹಿಂದೆ ನಡೆಸಬೇಕು.

● ‘ಬಂದ ಜೀವನಾಂಶದಲ್ಲಿ ನನಗಿಷ್ಟು ಪರ್ಸೆಂಟ್’ ಎಂದು ವಕೀಲರು ಒಪ್ಪಂದ ಮಾಡಿಕೊಳ್ಳುವಂತಿಲ್ಲ. ವಕೀಲರ ಪರಿಷತ್ತಿನ ನಿಯಮವೇ ಅದನ್ನು ನಿಷೇಧಿಸಿದೆ.

● ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಒಂದು ವರ್ಷ ಬೇರೆಯಾಗಿರಬೇಕು. ನಂತರದ ಆರು ತಿಂಗಳ ಕಾಯುವಿಕೆಯನ್ನು ತಕ್ಕ ಕಾರಣವಿದ್ದರೆ ಕೋರ್ಟು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ.

● ನೂರು ರೂಪಾಯಿ ಸ್ಟಾಂಪ್ ಪೇಪರಿನಲ್ಲಿ ಬರೆದು ನೋಟರಿ ಮಾಡಿಸಿದ ‘ಬಿಡುಗಡೆ ಪತ್ರ’ ವಿಚ್ಛೇದನವಲ್ಲ. ಸಮುದಾಯದಲ್ಲಿ ಅಂಥ ರೂಢಿ ಹಿಂದಿನಿಂದ ಇದೆಯೆಂದು ಸಾಬೀತಾದರೆ ಮಾತ್ರ ಅದಕ್ಕೆ ಬೆಲೆ. ಚರ್ಚ್ ಕೊಡುವ ವಿವಾಹ ರದ್ದತಿಗೂ ಕಾನೂನಿನ ಮಾನ್ಯತೆ ಇಲ್ಲ. ಮಾನ್ಯತೆ ಕೋರಿ ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯಸ್ ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ವಜಾ ಮಾಡಿತು.

● ಹಿಂದೂ ವಿವಾಹ ಕಾಯ್ದೆಯಡಿ ಸಂಪಾದನೆಯಿಲ್ಲದ ಗಂಡನೂ ಹೆಂಡತಿಯಿಂದ ಜೀವನಾಂಶ ಕೇಳಬಹುದು.

● ‘ಹೋಟೆಲ್ ಲಾಸಿನಲ್ಲಿದೆ’ ಎಂದು ಬಾಯಿಮಾತಲ್ಲಿ ಹೇಳಿದರೆ ನಡೆಯದು. ಸುಪ್ರೀಂ ಕೋರ್ಟಿನ 2020ರ ತೀರ್ಪಿನ ನಂತರ ಜೀವನಾಂಶದ ಪ್ರಕರಣದಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲ, ಬ್ಯಾಂಕ್ ಖಾತೆ, ಮಕ್ಕಳ ಶಾಲೆಯ ಖರ್ಚು ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಜೀವನಾಂಶದ ಲೆಕ್ಕ ಶುರುವಾಗುವುದು ತೀರ್ಪಿನ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ.

● ಮ್ಯಾಜಿಸ್ಟ್ರೇಟ್ ಆದೇಶಿಸಿದ ಜೀವನಾಂಶ ಕೊಡದೆ ಊರು ಬದಲಿಸಿದವನ ಮೇಲೆ ಅವನಿರುವ ಊರಿನಲ್ಲೇ ಆದೇಶ ಜಾರಿ ಮಾಡಿಸಬಹುದು. ಆದರೆ ಬಾಕಿ ವಸೂಲಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಸುಮ್ಮನಿದ್ದರೆ ಆ ದಾರಿ ಮುಚ್ಚುತ್ತದೆ.

● ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು ಹಿಂದೂ ಅಪ್ರಾಪ್ತರ ಪಾಲಕತ್ವದ 1956ರ ಕಾಯ್ದೆ ಹೇಳುತ್ತದೆ. ಮಗು ದೊಡ್ಡದಾದರೆ ತಾನಾಗಿಯೇ ತಂದೆಗೆ ಹೋಗುತ್ತದೆಂಬುದು ಸುಳ್ಳು. ಯಾವ ವಯಸ್ಸಿನಲ್ಲೂ ಮಗುವಿನ ಹಿತವೇ ಮುಖ್ಯ, ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ನ್ಯಾಯಾಧೀಶರು ಗಮನಿಸುತ್ತಾರೆ.

● ಕೌಟುಂಬಿಕ ದೌರ್ಜನ್ಯದ ದೂರು ಕೊಡಲು ಸ್ವಂತ ವಿಳಾಸವೇ ಬೇಕೆಂದಿಲ್ಲ. ಕಲ್ಯಾಣದ ಚಿಕ್ಕಮ್ಮನ ಮನೆಯಲ್ಲಿ ತಾತ್ಕಾಲಿಕವಾಗಿ ಉಳಿದವಳು ಕಲ್ಯಾಣದ ಮ್ಯಾಜಿಸ್ಟ್ರೇಟರ ಮುಂದೆಯೇ ಅರ್ಜಿ ಹಾಕಿ ರಕ್ಷಣೆ, ವಾಸದ ಹಕ್ಕು, ಖರ್ಚಿನ ಹಣ, ಮಗುವಿನ ತಾತ್ಕಾಲಿಕ ಸುಪರ್ದಿ, ನಾಲ್ಕನ್ನೂ ಕೇಳಬಹುದು.

● ಮಹಾರಾಷ್ಟ್ರದ ಕೆಳ ನ್ಯಾಯಾಲಯಗಳ ಭಾಷೆ ಮರಾಠಿ. ಕನ್ನಡದ ಲಗ್ನಪತ್ರಿಕೆ, ದೇವಸ್ಥಾನದ ರಶೀದಿ ಸಾಕ್ಷ್ಯಕ್ಕೆ ಕೊಡುವುದಿದ್ದರೆ ಜತೆಗೆ ಅನುವಾದವನ್ನೂ ಸಿದ್ಧಮಾಡಿಸಿ.

● ಪ್ರತಿ ಪ್ರಕರಣಕ್ಕೂ 16 ಅಕ್ಷರ–ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಮುಂದಿನ ತಾರೀಖು ಊರಲ್ಲಿ ಕೂತೇ ತಿಳಿಯುತ್ತದೆ.

● ತೀರ್ಪು ಬಂದ ಮರುದಿನವೇ ಮರುಮದುವೆ ಸಲ್ಲದು. ಮೇಲ್ಮನವಿಯ ಅವಧಿ ಮುಗಿಯಬೇಕು. ಹಿಂದೂ ವಿವಾಹ ಕಾಯ್ದೆಯಡಿ ಅದು 90 ದಿನ.

ಹಿರಿಯರ ಪಂಚಾಯಿತಿಗೆ ಕೂರುವುದರಲ್ಲಿ ತಪ್ಪಿಲ್ಲ. ಆದರೆ ಅಲ್ಲಿ ಬರೆದ ಕಾಗದಕ್ಕೆ, ಅದೂ ಮಗುವಿನ ಹೆಸರಿರುವ ಕಾಗದಕ್ಕೆ, ವಕೀಲರೊಬ್ಬರು ಓದುವ ಮೊದಲು ಸಹಿ ಹಾಕಬೇಡಿ.