ಸೈಕಲ್ ಹಣದ ಲೆಕ್ಕ ಎಲ್ಲಿದೆ?

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು. ಇಲ್ಲಿನ ಎಷ್ಟೋ ಹಳ್ಳಿ ಮಕ್ಕಳಿಗೆ ಹೈಸ್ಕೂಲು ಇರುವುದು ಪಕ್ಕದೂರಿನಲ್ಲಿ.

ಶಾಲೆಗೆ ಹೋಗಿಬರಲು ಅನುಕೂಲವಾಗಲೆಂದು 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಯೋಜನೆ ತಂದಿತು. ಬಿಡಿಭಾಗಗಳು ಬರುತ್ತಿದ್ದವು, ಹ್ಯಾಂಡಲ್, ಚಕ್ರ, ಪೆಡಲ್ ಜೋಡಿಸಿ ಮಕ್ಕಳ ಕೈಗೆ ಕೊಡುತ್ತಿದ್ದರು. ಗುಣಮಟ್ಟದ ಬಗ್ಗೆ ದೂರುಗಳೂ ಬಂದವು. ಕೋವಿಡ್ ಕಾಲದಲ್ಲಿ ವಿತರಣೆಯೇ ನಿಂತಿತು.

ಈ ಸೈಕಲ್‌ಗಳಿಗೆ ಖರ್ಚಾದದ್ದು ಜನರ ತೆರಿಗೆ ಹಣ. ಟೆಂಡರ್ ದರ, ತಪಾಸಣಾ ವರದಿ, ವಿತರಣೆಯ ಪಟ್ಟಿ ಜನರ ಕಣ್ಣಿಗೆ ಬೀಳಲೇಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಸಿಗಬೇಕು.

ಸೈಕಲ್ ಪರ ದುಡಿಯುವ ನೋಂದಾಯಿತ ಸಂಘಗಳಿಗೂ ಲೆಕ್ಕ ಕೊಡುವುದರಿಂದ ವಿನಾಯಿತಿಯಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಪ್ರತಿ ವರ್ಷ ಆಡಿಟ್ ಆದ ಲೆಕ್ಕಪತ್ರ ರಿಜಿಸ್ಟ್ರಾರ್ ಕಚೇರಿ ಸೇರಬೇಕು. ದೇಣಿಗೆ ಕೊಡುವ ಮುನ್ನ ಅದನ್ನು ಕೇಳಿ ನೋಡಿ.